ಓರೆಯಕ್ಕ ಕೇಳಿದ ಕೂಸು

ಆ ಶಾಲೆಯ ಆಯಾಳನ್ನು ಎಲ್ಲರೂ ಓರೆಯಕ್ಕ ಎಂದೇ ಕರೆಯುತ್ತಿದ್ದರು. ನಿಂತರೆ ಅವಳ ಎಡ ಸೊಂಟ ಹೊರಕ್ಕೆ ಚಾಚಿಕೊಳ್ಳುತ್ತಿತ್ತು. ಕೈಯಲ್ಲಿ ಪೊರಕೆ ಇದ್ದರೂ ಮೈ ತನ್ನಷ್ಟಕ್ಕೆ ತಾನೇ ಮೆಲ್ಲಗೆ ತೂಗುತ್ತಿತ್ತು.

ಅವಳ ತಾಯಿ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದವಳು. ಒಂದು ಕೂಸು ನೆಲಕ್ಕಿಳಿಯುವ ಮೊದಲೇ ಇನ್ನೊಂದು ಹೊಟ್ಟೆಯಲ್ಲಿ. ಹಿರಿಯವಳು ತಾನಿನ್ನೂ ಹಾಲುಹಲ್ಲಿನವಳಾಗಿದ್ದಾಗಲೇ ತಮ್ಮನನ್ನು ಸೊಂಟಕ್ಕೇರಿಸಿಕೊಂಡಳು. ಆಮೇಲೆ ಒಬ್ಬರ ಬೆನ್ನಿಗೊಬ್ಬರು ಬಂದವರನ್ನೆಲ್ಲ ಹೊತ್ತಳು. ಒಟ್ಟು ಆರು ಮಂದಿ. ಎಳೆಯ ಮೂಳೆ ಹೊರೆಗೆ ತಕ್ಕಂತೆ ಬೆಳೆಯಿತು.

ಆರನೆಯವಳು ಕೊನೆಯ ತಂಗಿ. ಅವಳನ್ನು ಎತ್ತಿಕೊಂಡು ಅಕ್ಕ ದಿನಾ ಒಂದನೇ ತರಗತಿಯ ಕಿಟಕಿಯ ಬಳಿ ನಿಲ್ಲುತ್ತಿದ್ದಳು. ಒಳಗೆ ಮಕ್ಕಳು ಅ, ಆ, ಇ, ಈ ಎಂದು ಕೂಗಿದರೆ ಸೊಂಟದ ಮೇಲಿನದೂ ಕೂಗುತ್ತಿತ್ತು. ಒಂದು ದಿನ ಮೇಷ್ಟ್ರು ಕಿಟಕಿಗೇ ಬಂದರು.

"ಎಲಾ ಇವಳಾ! ಕೂತಲ್ಲೇ ಪಾಠ ಒಪ್ಪಿಸ್ತಾಳಲ್ಲ. ಒಳಗೆ ಕಳಿಸು ಇವಳನ್ನ."

ತಂಗಿ ಒಳಗೆ ಹೋದಳು. ಹೊತ್ತುಕೊಂಡು ನಿಂತವಳನ್ನೂ ಕರೆಯಬೇಕೆಂದು ಮೇಷ್ಟ್ರಿಗೆ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಯಾರೂ ಕೆಟ್ಟವರಲ್ಲ. ಕಾಲ ಹಾಗಿತ್ತು.

ತಂಗಿ ಓದಿದಳು, ಇನ್ನೂ ಓದಿದಳು, ಎರಡೂರು ತಿರುಗಿ, ಇಪ್ಪತ್ತೈದು ದಾಟುವ ಮೊದಲೇ ಅದೇ ಶಾಲೆಗೆ ಟೀಚರಮ್ಮನಾಗಿ ಬಂದಳು. ನಲವತ್ತರ ಹೊಸ್ತಿಲಲ್ಲಿ ಮದುವೆಯಾಯಿತು. ಗಂಡ ಇನ್ನೊಂದು ಶಾಲೆಯ ಮೇಷ್ಟ್ರು. ಅಕ್ಕನಿಗೆ ಮದುವೆಯೇ ಆಗಲಿಲ್ಲ. ಕೊನೆಯವಳು ತನ್ನ ಕಾಲ ಮೇಲೆ ನಿಲ್ಲುವಷ್ಟರಲ್ಲಿ ಅಕ್ಕನನ್ನು ಕೇಳಿಕೊಂಡು ಬರುವವರು ನಿಂತುಹೋಗಿದ್ದರು.

ಒಂದು ಕಾಲಕ್ಕೆ ನೆಲದ ಮೇಲೂ ಮಕ್ಕಳು ಕೂರುತ್ತಿದ್ದ ಒಂದನೇ ತರಗತಿಯ ಆ ಕೋಣೆಯಲ್ಲಿ ಈಗ ಒಂದು ಬೆಂಚೂ ತುಂಬುತ್ತಿರಲಿಲ್ಲ. ಟೀಚರಮ್ಮ ಓದಿಸಿದ ಹುಡುಗಿಯರು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬಟ್ಟೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಅವರಿಗೆ ಒಂದೊಂದು ಮಗು, ಕೆಲವರಿಗೆ ಅದೂ ಇಲ್ಲ.

ಯೂನಿಫಾರ್ಮ್ ಹೊಲಿಯುವ ದರ್ಜಿ ಅಂಗಡಿ ಬಾಗಿಲಲ್ಲೇ ಕೂತು ಕೆಣಕುತ್ತಿದ್ದ. "ಹೆಣ್ಣುಮಕ್ಕಳನ್ನ ಓದಿಸಿ ಓದಿಸಿ ನಿಮ್ಮ ಶಾಲೆಗೆ ನೀವೇ ಬೀಗ ಹಾಕಿಸ್ಕೊಳ್ತಿದ್ದೀರಿ ಟೀಚರಮ್ಮ. ಕೂತ ಕೊಂಬೆ ಕಡಿದ ಹಾಗಾಯ್ತು. ನನ್ನ ಮಿಷನ್ನೂ ತುಕ್ಕು ಹಿಡೀತಿದೆ."

ಟೀಚರಮ್ಮ ನಕ್ಕು ಮುಂದೆ ಹೆಜ್ಜೆ ಹಾಕಿದರೂ ಅಕ್ಕ ಬಿಡಲಿಲ್ಲ. "ನಿಮ್ಮಮ್ಮ ಒಂಬತ್ತು ಹೆತ್ತರಲ್ಲಪ್ಪ, ಬೇಕಾ ಅಂತ ಅವರನ್ನ ಯಾರಾದ್ರೂ ಕೇಳಿದ್ರಾ? ಈಗಿನವರನ್ನ ಕೇಳ್ತಾರೆ. ಕೇಳಿದ್ರೆ, 'ಸಾಕು' ಅಂತಾರೆ. ಅಷ್ಟೇ."

"ಅಯ್ಯೋ ಅಕ್ಕ, ನಾನೇ ಒಂಬತ್ತನೆಯವನು. ಕೇಳಿದ್ದಿದ್ರೆ ನಾನು ಇರ್ತಾನೇ ಇರ್ಲಿಲ್ಲ!"

"ಅದಕ್ಕೇ ಹೇಳಿದ್ದು."

ದರ್ಜಿಯೇ ಮೊದಲು ನಕ್ಕುಬಿಟ್ಟ.

ಆ ವರ್ಷವೇ, ಯಾರೂ ನೆನೆಸದ ಹೊತ್ತಿನಲ್ಲಿ, ಟೀಚರಮ್ಮ ಬಸುರಿಯಾದಳು. ಈ ವಯಸ್ಸಿಗೆ ಹುಷಾರಾಗಿರಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಸಂಜೆ ಅಕ್ಕ ತಂಗಿಯ ಊದಿದ ಕಾಲು ಒತ್ತುತ್ತ ಕೂತಿದ್ದಳು.

"ಇಷ್ಟು ತಡ ಮಾಡ್ಬಾರ್ದಿತ್ತೇನೋ ಅಕ್ಕ ನಾನು."

"ತಡ ಏನು ಬಂತು? ಬೇಗ ಬೇಗ ಹೆತ್ತು ನಮ್ಮಮ್ಮ ಕಂಡ ಸುಖ ನೋಡಿಲ್ವಾ?" ಅಕ್ಕ ಇನ್ನೊಂದು ಕಾಲನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಹೇಳಿದಳು. "ಆರು ಕೂಸು ಹೊತ್ತೆ ಕಣೆ. ಒಂದೂ ನಾನು ಕೇಳಿ ಹೊತ್ತಿದ್ದಲ್ಲ. ಅಮ್ಮ ಕೊಟ್ಟಳು, ಹೊತ್ತೆ. ಇದೊಂದನ್ನ ನಾನಾಗಿ ಕೇಳ್ತಿದ್ದೀನಿ, ದೇವರ ಹತ್ರ. ಎತ್ಕೊಂಡು ಆ ಕಿಟಕಿ ಹತ್ರ ಒಂದ್ಸಲ ನಿಲ್ಬೇಕು."

"ಕಿಟಕಿ ಯಾಕೆ? ಸೀದಾ ಒಳಗೇ ಬಾ."

"ಬೇಡಮ್ಮ, ನೀನು ಬೈತೀಯ. ಹೊರಗೇ ಚೆಂದ."

ಬೇಸಿಗೆ ರಜೆಯಲ್ಲಿ ನೋವು ಕಾಣಿಸಿಕೊಂಡಿತು. ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಕಣ್ಣು ಮುಚ್ಚಿ, ಗೊತ್ತಿದ್ದ ಒಂದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿಕೊಂಡಳು. ಕೊನೆಗೆ ಬಾಗಿಲು ತೆರೆದು ಹೊರಬಂದ ನರ್ಸು ಟೀಚರಮ್ಮನ ಹಳೆಯ ವಿದ್ಯಾರ್ಥಿನಿ. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಅಳು ಕೇಳಿಸಿರಲಿಲ್ಲ.

"ಟೀಚರಮ್ಮ ಉಳೀತಾರೆ ಅಕ್ಕ," ಎಂದಳು. "ಇವಳು ಉಸಿರೇ ಎಳ್ಕೊಳ್ಳಲಿಲ್ಲ."

ಬೇಡವೆಂದವಳ ಮಡಿಲಿಗೆ ಆ ದೇವರು ರಾಶಿ ಸುರಿಯುತ್ತಾನೆ, ಬೇಡಿಕೊಂಡವಳಿಗೆ ತೋರಿಸಿ ತೆಗೆದುಕೊಳ್ಳುತ್ತಾನೆ. ಹಾಗೆಂದು ಅವನ ಮೇಲೆ ಮುನಿದು ಹೋಗುವುದಾದರೂ ಎಲ್ಲಿಗೆ?

ತಂಗಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಅವಳ ಗಂಡ ಗೋಡೆಗೊರಗಿ ನೆಲದಲ್ಲೇ ಕುಸಿದು ಕೂತಿದ್ದ. "ನೀವು ಅವಳ ಹತ್ರ ಇರಿ," ಎಂದಳು ಅಕ್ಕ. "ಇದನ್ನ ನಾನು ಕಳಿಸಿ ಬರ್ತೀನಿ."

ಸುದ್ದಿ ಕೇಳಿ ದರ್ಜಿ ಗುದ್ದಲಿ ಹಿಡಿದು ಬಂದ. ಮುಂದೆ ನಡೆದ. ಮಣ್ಣು ಮಾಡುವ ಜಾಗಕ್ಕೆ ಹೋಗುವ ದಾರಿ ಶಾಲೆಯ ಮುಂದಿನಿಂದಲೇ. ಗೇಟಿನ ಬಳಿ ಹಿಂದಿನ ಹೆಜ್ಜೆಯ ಸದ್ದು ನಿಂತದ್ದನ್ನು ಕೇಳಿ ಅವನು ತಿರುಗಿದ. ಅಕ್ಕ ಕಿಟಕಿಯ ಹತ್ತಿರ ಹೋಗುತ್ತಿದ್ದಳು.

ಕತ್ತು ನಿಲ್ಲದ ಕೂಸನ್ನು ಸೊಂಟಕ್ಕೇರಿಸಬಾರದು. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅಂಗೈಯಲ್ಲಿ ಕತ್ತನ್ನು ಆನಿಸಿ, ಮೆಲ್ಲಗೆ ಏರಿಸಿಕೊಂಡಳು. ಒಳಗೆ ಬೆಂಚುಗಳ ಮೇಲೆ ಧೂಳು. ಕರಿಹಲಗೆಯ ಮೇಲೆ ಏನೂ ಇರಲಿಲ್ಲ. ಅವಳ ಮೈ ತಾನೇ ತೂಗತೊಡಗಿತು.

"ಅ," ಎಂದಳು. ಕಾದಳು. "ಆ," ಎಂದಳು.

ದರ್ಜಿ ಗುದ್ದಲಿಯನ್ನು ನೆಲಕ್ಕೂರಿ, ಬೇರೆ ಕಡೆ ಮುಖ ಮಾಡಿ ನಿಂತುಕೊಂಡ.

ಶಾಲೆ ಮತ್ತೆ ತೆರೆದಾಗ ಒಂದನೇ ತರಗತಿಗೆ ಒಂದು ಮಗುವೂ ಸೇರಲಿಲ್ಲ. ಸೊರಗಿದ ಟೀಚರಮ್ಮ ಕೋಣೆಗೆ ಬೀಗ ಹಾಕಲೆಂದು ಬಂದವಳು ಹಾಕದೆ, ಕಿಟಕಿಯ ಸರಳು ಹಿಡಿದು ನಿಂತಳು. ಹೊರಗೆ ಅಕ್ಕ ಕಸ ಗುಡಿಸುತ್ತಿದ್ದಳು.

"ಅಕ್ಕ, ನಾನು ನೋಡಲೇ ಇಲ್ವಲ್ಲ. ಹೇಗಿದ್ಲು?"

ಅಕ್ಕ ಪೊರಕೆ ಬದಿಗಿಟ್ಟು ಕಿಟಕಿಯ ಹತ್ತಿರ ಬಂದಳು. ಎಡ ಸೊಂಟ ತಾನಾಗಿ ಹೊರಗೆ ಚಾಚಿತು. ಕೈ ಅದರ ಮೇಲೆ ಹೋಗಿ ಕೂತಿತು.

"ಭಾರ ಇದ್ಲು ಕಣೆ," ಎಂದಳು. "ನಿಮ್ಮ ಆರು ಜನಕ್ಕಿಂತ ಭಾರ."