ಎದುರು ಕೌಲು

ಮಾಡಗ್ಯಾಳದ ಹಳೆಯ ಉಣ್ಣೆ ಗೋದಾಮಿನಲ್ಲಿ ಊರಿನ ಹುಡುಗಿ ಶೀತಲ ಕಟ್ಟಿದ್ದು ಗುಡಿಯಲ್ಲ, ಕಲಾಕೃತಿ. ಕೊಲ್ಹಾಪುರದಲ್ಲಿ ಕಲೆ ಕಲಿತು ಬಂದವಳು ಅದನ್ನು ಊರಿಗೆಲ್ಲ ಬಿಡಿಸಿ ಹೇಳಿದ್ದಳು. ಆಕಾಶದಿಂದ ಕಣ್ಣಿಗೆ ಕಾಣದ ಕಣಗಳು ಸದಾ ಸುರಿಯುತ್ತವೆ, ನಮ್ಮ ಮೈಯೊಳಗಿಂದಲೇ ಹಾದುಹೋಗುತ್ತವೆ. ತೂಗುಬಿಟ್ಟ ಕರಿಕಂಬಳಿಗಳ ನಡುವೆ ನಿಂತು ತಾಮ್ರದ ತಟ್ಟೆ ಮುಟ್ಟಿದರೆ, ಮೊದಲ ಕಣ ಯಾವ ಕಡೆಯ ಪೆಟ್ಟಿಗೆಗೆ ಬೀಳುತ್ತದೋ ಆ ಕಡೆಯ ದೀಪ ಹತ್ತುತ್ತದೆ. ಅಷ್ಟೇ.

ಆದರೆ ಎಡ, ಬಲ ಅಂದಮೇಲೆ ಕುರಿಗಾರರ ಊರು ಸುಮ್ಮನಿರುತ್ತದೆಯೇ? ಇಲ್ಲಿ ಏನೇ ಮಾಡುವುದಿದ್ದರೂ ಬೀರಪ್ಪ ದೇವರ ಮೈಗೆ ಹೂವು ಅಂಟಿಸಿ ಕೌಲು ಕೇಳುತ್ತಾರೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ನೋಡನೋಡುತ್ತ ತಾಮ್ರದ ತಟ್ಟೆ ಜನ ಎರಚಿದ ಭಂಡಾರದ ಅರಿಸಿನದಿಂದ ಹಳದಿಯಾಯಿತು. ಶೀತಲ ನಕ್ಕಳು. ಒಳಗೊಳಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ.

ನಗೆ ನಿಂತದ್ದು ಅವಳ ಅಪ್ಪ ಲಗಮಣ್ಣ ತಟ್ಟೆ ಮುಟ್ಟಿದ ದಿನ. ಎದೆಯ ರಕ್ತನಾಳ ಕಟ್ಟಿದೆ, ಆಪರೇಶನ್ ತಡವಾದರೆ ಜೀವ ಉಳಿಯದು ಎಂದು ಸಾಂಗ್ಲಿಯ ಡಾಕ್ಟರು ಹೇಳಿದ್ದರು. ಹೋಗಲೇನು ಎಂದು ಅವನು ದೀಪವನ್ನು ಕೇಳಿದ. ಎಡದ್ದು ಹತ್ತಿತು. ಹೋಗುವುದಿಲ್ಲವೆಂದು ಕುಳಿತುಬಿಟ್ಟ. ಕಣಕ್ಕೆ ನಿನ್ನ ಎದೆಯೂ ಗೊತ್ತಿಲ್ಲ, ಸಾಂಗ್ಲಿಯೂ ಗೊತ್ತಿಲ್ಲ ಎಂದು ಮಗಳು ಗೋಗರೆದರೆ, ಮೇಲಿನಿಂದ ಬರುತ್ತದೆಂದು ನೀನೇ ಹೇಳಿದೆಯಲ್ಲ ಎಂದ. ಹಟಕ್ಕೆ ಬಿದ್ದ ಟಗರು.

ಶೀತಲ ಗೋದಾಮಿಗೆ ಹೋಗಿ, ಯಾವಾಗ ಮುಟ್ಟಿದರೂ ಬಲದ ದೀಪವೇ ಹತ್ತುವಂತೆ ವೈರು ಬದಲಿಸಿದಳು. ಅಪ್ಪನ ಜೀವದ ಮುಂದೆ ಕಲೆ ಯಾವ ಲೆಕ್ಕ? ಇನ್ನೊಮ್ಮೆ ಕೇಳು ಎಂದು ಕಾಡಿ ಬೇಡಿ ಅವನನ್ನು ಕರೆತಂದಳು. ತಾಯಿ ಚಂದ್ರಾಬಾಯಿಯೂ ಹಿಂದೆಯೇ ಬಂದಳು.

ಲಗಮಣ್ಣ ತಲೆಯ ಪಟಕಾ ತೆಗೆದಿಟ್ಟು ತಟ್ಟೆ ಮುಟ್ಟಿದ.

"ಆಪರೇಶನಕ್ಕ ಹೋಗ್ಲೇನಪಾ?"

ಬಲದ ದೀಪ ಹತ್ತಿತು. ಚಂದ್ರಾಬಾಯಿ ಕೈಮುಗಿದಳು. ಶೀತಲಳಿಗೆ ಸಂತೋಷಕ್ಕೆ ಅಳುವೇ ಬಂತು. ಆದರೆ ಲಗಮಣ್ಣ ಕೈ ತೆಗೆಯಲಿಲ್ಲ. ಒಮ್ಮೆ ಕೊಟ್ಟ ಕೌಲು ಬದಲಾದರೆ, ಮಾತನ್ನು ತಿರುವಿ ಎದುರು ಕೌಲು ಕೇಳಬೇಕು; ಅದು ಹಿರಿಯರ ರೀತಿ. ಹಾಸ್ಟೆಲ್ಲಿನಲ್ಲಿ ಬೆಳೆದ ಮಗಳಿಗೆ ಅದು ಗೊತ್ತೇ ಇರಲಿಲ್ಲ.

"ಹಂಗಾರ, ಮನ್ಯಾಗ ಉಳೀಲೇನಪಾ?"

ಮತ್ತೆ ಬಲದ ದೀಪವೇ ಹತ್ತಿತು.

ಚಂದ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎರಡಕ್ಕೂ ಹೂಂ ಎಂದರೆ ದೇವರು ಕೈಬಿಟ್ಟಂತೆ. ಹೋದರೂ ಸಾವು, ಉಳಿದರೂ ಸಾವು. ಶೀತಲ ಪೆಟ್ಟಿಗೆ ತೆರೆದು ವೈರು ಕಿತ್ತು ತೋರಿಸಿದಳು.

"ಅಪ್ಪಾ, ಇದು ದೇವ್ರಲ್ಲ. ನಾನ ಹಿಂಗ ಮಾಡೀನಿ. ನಿನ್ನಾಣಿ."

ಲಗಮಣ್ಣ ಅವಳ ತಲೆ ಸವರಿದ.

"ನನ್ನ ಸಮಾಧಾನಕ್ಕ ಸುಳ್ಳ ಆಣಿ ಹಾಕಬ್ಯಾಡವ್ವಾ."

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತ. ತಾನು ತೀರಿಹೋದಮೇಲೆ ಕುರಿಗಳನ್ನು ಯಾರು ಮೇಯಿಸಬೇಕೆಂದು ಹೆಂಡತಿಗೆ ಹೇಳತೊಡಗಿದ.