ಹಿಂದಕ್ಕೆ ಹೋಗುವ ಜೀಪು

ನಮ್ಮ ಮನೆಯಲ್ಲಿ ಕೋವಿ ನಮ್ಮವರದು, ಕಾಡತೂಸು ನನ್ನದು. ಇದು ನಾನು ಮಾಡಿದ ಏರ್ಪಾಡಲ್ಲ, ಅತ್ತೆ ಕಮಲಾವತಮ್ಮನವರದು. ತೃಶ್ಶಿಲೇರಿಯ ನಮ್ಮ ಗದ್ದೆಗೆ ಆನೆ, ಹಂದಿ ಇಳಿಯುವುದು ಜಾಸ್ತಿಯಾದಾಗ ಮಾವನವರು ಸರ್ಕಾರದಿಂದ ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ಕೋವಿಯೊಂದನ್ನು ತಂದರಂತೆ. ಬಸದಿಗೆ ನಡೆದುಕೊಳ್ಳುವ ಮನೆ ನಮ್ಮದು, ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವ ಜನ. ಅಂಥ ಮನೆಯ ಗೋಡೆಗೆ ಕೋವಿ ತೂಗುಬಿದ್ದದ್ದು ಅತ್ತೆಗೆ ಹಿಡಿಸಲಿಲ್ಲ. ಎರಡು ಷರತ್ತು ಹಾಕಿದರು. ಹೊಡೆಯುವುದು ಆಕಾಶಕ್ಕೆ ಮಾತ್ರ, ಸದ್ದಿಗೆ ಪ್ರಾಣಿ ಓಡಬೇಕು ಅಷ್ಟೆ. ಮತ್ತೆ, ಕೋವಿ ಹಿಡಿಯುವವರ ಹತ್ತಿರ ಕಾಡತೂಸು ಇರಕೂಡದು. ಅದು ಮನೆಯ ಹೆಂಗಸಿನ ಹತ್ತಿರ ಇರಬೇಕು, ಬೇಕಾದಾಗ ಕೇಳಿ ತೆಗೆದುಕೊಳ್ಳಬೇಕು.

"ಯಾಕತ್ತೆ ಹೀಗೆ?" ಎಂದು ಹೊಸ ಸೊಸೆಯಾಗಿ ಬಂದಾಗ ಕೇಳಿದ್ದೆ.

"ಕೇಳೋಕೆ ಬಾಯಿ ತೆರೀಬೇಕಲ್ಲ ಚಂದ್ರಮತಿ, ಅಷ್ಟರಲ್ಲಿ ಅರ್ಧ ಸಿಟ್ಟು ಹೊರಗೆ ಹೋಗತ್ತೆ. ಉಳಿದರ್ಧ ನೀನು ನೋಡ್ಕೋ" ಎಂದಿದ್ದರು.

ನಮ್ಮವರು, ವಿಮಲನಾಥ ಗೌಡರು, ತಣ್ಣಗಿನ ಮನುಷ್ಯ ಅಂತ ಊರೆಲ್ಲ ಹೇಳುತ್ತದೆ. ಊರಿಗೇನು ಗೊತ್ತು? ಬೇರೆಯವರಿಗೆ ಸಿಟ್ಟು ಬಂದರೆ ದನಿ ಏರುತ್ತದೆ, ಇವರಿಗೆ ಇಳಿಯುತ್ತದೆ. ಪಿಸುಮಾತಿಗೆ ಬಂದರು ಅಂದರೆ ನಾನು ಮಕ್ಕಳನ್ನು ಹಿತ್ತಲಿಗೆ ಕಳಿಸಿಬಿಡುತ್ತಿದ್ದೆ.

ಮಲಬಾರು ಕೇರಳಕ್ಕೆ ಸೇರಿ ಒಂದೆರಡು ವರ್ಷವಾಗಿದ್ದ ಕಾಲ ಅದು. ತಿರುವಾಂಕೂರಿನ ಕಡೆಯಿಂದ ಜನ ಬಸ್ಸುಗಟ್ಟಲೆ ಬಂದಿಳಿಯುತ್ತಿದ್ದರು. ಕಾಟ್ಟಿಕುಳಂನಲ್ಲಿ ಬಸ್ಸು ನಿಂತರೆ ಅದರ ತಲೆಯ ಮೇಲಿನಿಂದ ಮರಗೆಣಸಿನ ಕಡ್ಡಿಯ ಕಟ್ಟು, ಚೆಂಬು, ಕೊಡಲಿ, ಮಂಚದ ಕಾಲು ಎಲ್ಲ ಕೆಳಗೆ ಬರುತ್ತಿದ್ದವು. ಕಾಡಿನಂಚಿಗೆ ಹೋಗಿ ಗುಡಿಸಲು ಕಟ್ಟಿ, ಜ್ವರದಲ್ಲಿ ನಡುಗುತ್ತಲೇ ನೆಲ ಅಗೆಯುತ್ತಿದ್ದರು ಪಾಪ. ಅತ್ತೆ ಕರಿಮೆಣಸಿನ ಕಷಾಯ ಕಾಸಿ ಕಳಿಸುತ್ತಿದ್ದರು. ನಮ್ಮವರು ಮಾತ್ರ ಗೊಣಗುತ್ತಿದ್ದರು: "ಗದ್ದೆ ನಡುವಿನ ರಸ್ತೆಗೆ ಮಣ್ಣು ಹಾಕಿಸಿದ್ದು ನಮ್ಮಜ್ಜ. ಈಗ ಅವರ ಜೀಪು ಬಂದರೆ ನಾವೇ ಪಕ್ಕಕ್ಕೆ ಸರೀಬೇಕು."

ವರ್ಷಕ್ಕೊಮ್ಮೆ ಕೋವಿಯನ್ನು ಮಾನಂದವಾಡಿಗೆ ಒಯ್ದು ತೋರಿಸಿ ಲೈಸೆನ್ಸ್ ಹೊಸದು ಮಾಡಿಸಬೇಕು. ಹಾಗೆಯೇ ವರ್ಷಕ್ಕೆ ಬೇಕಾದ ಕಾಡತೂಸೂ ಕೊಳ್ಳಬೇಕು. ಆದ್ದರಿಂದ ಆ ದಿನ ಗಾಡಿಯಲ್ಲಿ ನಾನೂ ಹೊರಡುತ್ತಿದ್ದೆ. ಊರಿಗೆ ಅದು ಗೌಡರು ಹೆಂಡತಿಯನ್ನು ಪೇಟೆ ತೋರಿಸಲು ಕರೆದೊಯ್ಯುವ ದಿನ.

ಆ ವರ್ಷ ಲೈಸೆನ್ಸ್ ಕೊಡುವ ಸಾಹೇಬರು ಕಚೇರಿಗೆ ಬಂದದ್ದೇ ತಡವಾಗಿ. ಕೆಲಸ ಮುಗಿಸಿ, ಒಂದು ಮೂಟೆ ಉಪ್ಪು ಗಾಡಿಗೆ ಹಾಕಿಕೊಂಡು ಹೊರಟಾಗ ಹೊತ್ತು ಇಳಿಯತೊಡಗಿತ್ತು. ಮೇಣದ ಕಾಗದದಲ್ಲಿ ಸುತ್ತಿದ ಕಾಡತೂಸು ನನ್ನ ಬಟ್ಟೆ ಚೀಲದಲ್ಲಿ. ಅದರ ಪಕ್ಕದಲ್ಲೇ ಬಾಳೆಲೆಯಲ್ಲಿ ಕಟ್ಟಿದ ಅಕ್ಕಿ ರೊಟ್ಟಿ, ಬೆಲ್ಲ, ಕಾಯಿಚೂರು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವವರಲ್ಲ. ಮನೆ ಸೇರುವುದು ತಡವಾದರೆ ಇರಲಿ ಅಂತ ಅತ್ತೆ ಕಟ್ಟಿಕೊಟ್ಟದ್ದು.

ಕಾಟ್ಟಿಕುಳಂ ದಾಟಿ ನಮ್ಮೂರ ಕಡೆ ತಿರುಗಿದರೆ ಗದ್ದೆ ಬಯಲು. ಬಯಲಿನ ನಡುವೆ ಒಂದೇ ಗಾಡಿ ಹಿಡಿಯುವಷ್ಟು ಅಗಲದ ಮಣ್ಣಿನ ರಸ್ತೆ, ಎರಡು ಬದಿಗೂ ಕೆಸರು. ಯಾರು ಮೊದಲು ಹೊಕ್ಕರೋ ಅವರು ದಾಟುವ ತನಕ ಎದುರಿನವರು ಆಚೆ ತುದಿಯ ಹಲಸಿನ ಮರದಡಿ ಕಾಯಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ನಾವು ಅರ್ಧಕ್ಕಿಂತ ಹೆಚ್ಚು ಬಂದಿದ್ದೆವು. ಹಲಸಿನ ಮರದ ಹತ್ತಿರ ಒಂದು ಜೀಪು ಕಾಣಿಸಿತು. ನಿಲ್ಲುತ್ತದೆ ಅಂದುಕೊಂಡೆವು. ನಿಲ್ಲಲಿಲ್ಲ. ನೇರ ಬಂದು ಎತ್ತುಗಳ ಮೂತಿಗೆ ಮೂತಿ ಕೊಟ್ಟು ನಿಂತು, ಹಾರ್ನ್ ಒತ್ತತೊಡಗಿತು.

ನಮ್ಮ ಎತ್ತುಗಳು ಚಿನ್ನ, ಹಂಡ. ಚಿನ್ನ ಗಟ್ಟಿ, ಹಂಡನಿಗೆ ಬೆದರು ಜಾಸ್ತಿ. ಆ ಸದ್ದಿಗೆ ಹಂಡ ಪಕ್ಕಕ್ಕೆ ನುಗ್ಗಿದ, ಗಾಡಿ ವಾಲಿತು, ಉಪ್ಪಿನ ಮೂಟೆ ಉರುಳಿ ಕೆಸರಿಗೆ ಬಿತ್ತು. ಜೀಪಿನಿಂದ ಒಬ್ಬ ತೆಳ್ಳಗಿನ ಮನುಷ್ಯ ಹಾರಿ ಇಳಿದ. ಮೂವತ್ತರ ಆಸುಪಾಸು, ಮಡಚಿ ಕಟ್ಟಿದ ಮುಂಡು, ಕೈಯಲ್ಲಿ ಜೀಪು ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲ್. ಅವನ ಹೆಸರು ಶ್ರೀಧರನ್ ಅಂತ ಆಮೇಲೆ ಗೊತ್ತಾಯಿತು. ಅವನ ಮಾತೆಲ್ಲ ಮಲಯಾಳದಲ್ಲಿ, ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

"ಕಣ್ಣು ಕಾಣಲ್ವೇನಯ್ಯಾ? ಗಾಡಿ ಹಿಂದಕ್ಕೆ ತಗಿ!"

"ಹೊಕ್ಕಿದ್ದು ನಾವು ಮೊದಲು. ನಿನ್ನದು ಯಂತ್ರ. ನೀನು ಹಿಂದಕ್ಕೆ ಹೋಗು" ಎಂದರು ಇವರು, ಇನ್ನೂ ಗಟ್ಟಿ ದನಿಯಲ್ಲೇ.

"ನಾನು ಹೋಗಲ್ಲ. ಹೋಗಲ್ಲ ಅಂದ್ರೆ ಹೋಗಲ್ಲ!" ಎಂದವನೇ ಹಂಡನ ಮೂತಿಗೆ ಅಂಗೈಯಿಂದ ರಪ್ಪನೆ ಬಾರಿಸಿದ. "ಹೋಗೋ ಹಿಂದಕ್ಕೆ!"

ಹಂಡನನ್ನು ನಮ್ಮ ಮನೆಯಲ್ಲಿ ಯಾರೂ ಹೊಡೆದಿರಲಿಲ್ಲ. ನಮ್ಮವರು ಗಾಡಿಯಿಂದ ಇಳಿದರು. ಹೆಗಲಲ್ಲಿ ಕೋವಿ. ನಾನೂ ಹಿಂದೆಯೇ ಇಳಿದೆ.

ಶ್ರೀಧರನ್ ಕೋವಿ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ, ಆಮೇಲೆ ಆ ಹಿಂದೆ ಸರಿದದ್ದಕ್ಕೇ ನಾಚಿದವನ ಹಾಗೆ ಎರಡು ಹೆಜ್ಜೆ ಮುಂದೆ ಬಂದು ಹ್ಯಾಂಡಲ್ ಎತ್ತಿದ. "ಓಹೋ, ತೋಕ್ಕು ಬೇರೆ ಇದೆಯಾ! ಸರ್ಕಾರ ಕೊಟ್ಟಿದ್ದಾ? ಹೊಡಿ ನೋಡೋಣ. ಗಂಡಸಾದರೆ ಹೊಡಿ!"

ನಮ್ಮವರು ಕೋವಿಯನ್ನು ಹೆಗಲಿನಿಂದ ಇಳಿಸಿ, ನಳಿಗೆ ಮಡಚಿ ತೆರೆದರು. ತಿರುಗಿ ನೋಡದೆ ಎಡಗೈಯನ್ನು ನನ್ನ ಕಡೆಗೆ ಚಾಚಿದರು.

"ಕೊಡು."

ಪಿಸುಮಾತು.

ನನ್ನ ಕೈ ಚೀಲದೊಳಗೆ ಹೋಯಿತು. ಮೊದಲು ಸಿಕ್ಕಿದ್ದು ಆ ಮೇಣದ ಕಾಗದವೇ. ಕೊಡುವುದಿಲ್ಲ ಎನ್ನಬಹುದಿತ್ತು. ಆದರೆ ಹೊರಗಿನವನೊಬ್ಬ ಎದುರಿಗೆ ನಿಂತು ಗಂಡಸಾದರೆ ಅಂತ ಕೇಳುತ್ತಿರುವಾಗ ಹೆಂಡತಿಯೂ ಇಲ್ಲ ಅಂದರೆ ಆ ಮನುಷ್ಯನಿಗೆ ಉಳಿಯುವುದೇನು? ಕೋವಿಯ ಹಿಡಿಯಿಂದಲೇ ಬಾರಿಸಿಬಿಟ್ಟರೆ? ಕೊಟ್ಟರೋ, ಅದನ್ನು ನೆನೆಯಲೂ ಆಗಲಿಲ್ಲ. ಕತ್ತೆತ್ತಿದೆ. ಬ್ರಹ್ಮಗಿರಿಯ ಕಡೆ ಸೂರ್ಯ ಮರಗಳ ತುದಿಗೆ ತಾಗಿದ್ದ.

ಚಾಚಿದ ಕೈಯಲ್ಲಿ ರೊಟ್ಟಿಯ ಪೊಟ್ಟಣ ಇಟ್ಟೆ.

"ಹೊತ್ತು ಮುಳುಗ್ತಾ ಇದೆ. ಉಣ್ಣಿ" ಎಂದೆ. ನನ್ನ ದನಿ ನನಗೇ ಅತ್ತೆಯ ದನಿಯಂತೆ ಕೇಳಿಸಿತು.

ಅವರು ಕೈ ಮುಂದೆ ತಂದು ನೋಡಿದರು. ಬಾಳೆಲೆ. ಬಾಳೆನಾರಿನ ಗಂಟು. ಗಂಟು ಬಿಚ್ಚಲು ಎರಡು ಕೈ ಬೇಕು. ಕೋವಿಯನ್ನು ನನ್ನ ಕಡೆ ಚಾಚಿದರು. ನಾನದನ್ನು ಗಾಡಿಯ ಹುಲ್ಲಿನಡಿ ತಳ್ಳಿ, ಅದರ ಮೇಲೆ ನನ್ನ ಕಂಬಳಿ ಹಾಕಿದೆ. ನಮ್ಮವರು ರಸ್ತೆಯಂಚಿನಲ್ಲಿ ಕೂತರು. ಕೂತು ರೊಟ್ಟಿ ಮುರಿದರು.

"ಏ, ಏನಿದು!" ಎಂದ ಶ್ರೀಧರನ್. "ನಾನಿಲ್ಲಿ ಬಡ್ಕೋತಾ ಇದ್ದೀನಿ, ನೀವು ಊಟಕ್ಕೆ ಕೂತ್ರಾ?"

"ಏನ್ ಮಾಡೋದು ತಮ್ಮಾ, ನಮ್ಮದು ಜೈನರ ಮನೆ, ಕತ್ತಲಾದ ಮೇಲೆ ನೀರೂ ಮುಟ್ಟಲ್ಲ" ಎಂದೆ, ನನಗೆ ಬರುವ ಮಲಯಾಳದಲ್ಲಿ. "ಉಣ್ಣೋಕೆ ಹೊತ್ತಿದೆ, ಬಯ್ಯೋಕೆ ಹೊತ್ತು ಗೊತ್ತು ಇಲ್ಲವಲ್ಲ. ನೀನು ಬಯ್ತಾ ಇರು, ನಾವು ಉಂಡು ಬರ್ತೀವಿ."

ನಾನು ಚೆಂಬು ತೆಗೆದುಕೊಂಡು, ರಸ್ತೆಯಡಿ ಸಣ್ಣ ತೋಡು ಹರಿಯುವ ಮೋರಿಯ ಹತ್ತಿರ ಇಳಿದೆ. ನೀರು ತುಂಬಿ, ಇನ್ನೊಂದು ಚೆಂಬಿನ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೋಸಿದೆ. ಆಮೇಲೆ ಬಟ್ಟೆಯನ್ನು ಮಗುಚಿ ಅದೇ ತೋಡಿನ ನೀರಿನಲ್ಲಿ ಮೆಲ್ಲಗೆ ಜಾಲಿಸಿದೆ. ಅಂಥ ಹೊತ್ತಿನಲ್ಲೂ ಅಭ್ಯಾಸ ಬಿಡುವುದಿಲ್ಲ.

ಶ್ರೀಧರನ್ ದಂಡೆಯ ಮೇಲಿನಿಂದ ಬಗ್ಗಿ ನೋಡುತ್ತಿದ್ದ. "ಅದೇನು ಚೇಚಿ, ಬಟ್ಟೆಯನ್ನ ಮತ್ತೆ ನೀರಿಗೆ?" ಎಂದ. ಅಕ್ಕ ಅನ್ನುವ ಮಾತು ಅವನ ಬಾಯಿಗೆ ಆಗಲೇ ಬಂದಿತ್ತು.

"ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಹುಳ ಉಳಿದಿರತ್ತೆ. ಅವನ್ನ ಅವರ ಮನೆಗೆ ಬಿಡಬೇಡವೇ?"

ಅವನು ನನ್ನನ್ನು ನೋಡಿದ, ಗಾಡಿಯ ಹುಲ್ಲನ್ನು ನೋಡಿದ, ತನ್ನ ಕೈಯ ಹ್ಯಾಂಡಲನ್ನು ನೋಡಿದ. ಮೊದಲು ಮೂಗಿನಲ್ಲಿ ಒಂದು ಸದ್ದು ಬಂತು, ಆಮೇಲೆ ಹೊಟ್ಟೆ ಹಿಡಿದು ನಕ್ಕ. "ತೋಕ್ಕು ಹೊತ್ತುಕೊಂಡು ಓಡಾಡೋ ಗೌಡರ ಮನೇಲಿ ಹುಳಕ್ಕೆ ದಾರಿ ತೋರಿಸ್ತಾರೆ! ನಾನು ಹೋಗಿ ಹೋಗಿ ಎಂಥವರ ಹತ್ರ ಸಾಯೋಕೆ ನಿಂತೆನಪ್ಪಾ!"

ಆ ನಗುವೂ ಬೈಗುಳದ ಹಾಗೇ ಇತ್ತು. ನಮ್ಮವರ ದವಡೆ ನಿಂತಿತು. ಮತ್ತೆ ಅಗಿಯತೊಡಗಿತು. ಒಂದು ರೊಟ್ಟಿಗೆ ಬೆಲ್ಲ ಇಟ್ಟು ಅವನ ಮುಂದೆ ಹಿಡಿದೆ. ಬೇಡ ಅಂದ. ಇನ್ನೊಮ್ಮೆ ಹಿಡಿದೆ. ಹ್ಯಾಂಡಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಿಂತೇ ತಿಂದ. ತಿಂದ ರೀತಿ ನೋಡಿದರೆ ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ನಮ್ಮವರು ಕೈ ತೊಳೆದು ಎದ್ದರು. ದನಿ ಮೊದಲಿನಷ್ಟೇ ಗಟ್ಟಿಯಾಗಿತ್ತು. ಆ ದನಿ ಕೇಳಿ ನನಗೆ ಅಳು ಬಂತು.

"ನಾನು ಎತ್ತು ಬಿಚ್ಚಿ, ಗಾಡಿಯನ್ನ ಅಷ್ಟು ದೂರ ನೂಕಬೇಕು. ನೀನು ಕೂತಲ್ಲೇ ಹಿಂದಕ್ಕೆ ಹೋಗಬಹುದು. ಯಾಕಪ್ಪಾ ಹಟ?"

ಶ್ರೀಧರನ್ ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆದ. ಬೆರಳಿಗಂಟಿದ ಬೆಲ್ಲ ನೆಕ್ಕಿದ.

"ಗೌಡರೇ, ನಂಗೆ ಮುಂದಕ್ಕೆ ಹೋಗೋದು ಮಾತ್ರ ಗೊತ್ತು."

"ಅಂದ್ರೆ?"

"ಹಿಂದಕ್ಕೆ ಹೋಗೋದನ್ನ ಕಲಿಸೋ ಮೊದಲೇ ಕಲಿಸೋನು ಜ್ವರ ಬಂದು ಮಲಗಿದ. ನಂಗೆಲ್ಲಾ ಬರತ್ತೆ ಅಂತ ಮಾಲೀಕರ ಹತ್ರ ಸುಳ್ಳು ಹೇಳಿ ಕೆಲಸಕ್ಕೆ ಸೇರಿದೀನಿ. ಮರದ ಹತ್ರಾನೇ ನಿಮ್ಮನ್ನ ನೋಡಿದೆ. ನಿಲ್ಲಿಸೋ ಹೊತ್ತಿಗೆ ಒಳಗೆ ಬಂದುಬಿಟ್ಟಿದ್ದೆ. ಹಿಂದಕ್ಕೆ ಹೋಗೋಕೆ ಹೋಗಿ ಜೀಪು ಕೆಸರಿಗೆ ಬಿದ್ರೆ ನಾನು ಊರಿಗೆ ವಾಪಸ್ ಹೋಗ್ಬೇಕು. ಊರಲ್ಲಿ ಏನೂ ಉಳಿಸಿ ಬಂದಿಲ್ಲ."

ನಮ್ಮವರು ಮತ್ತೆ ಕೂತುಬಿಟ್ಟರು. ಅವರು ಯಾವ ಲೆಕ್ಕ ಹಾಕುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಜೀಪು ಹಿಂದಕ್ಕೆ ಓಡಿಸಲು ಬಾರದ ತಪ್ಪಿಗೆ ಒಬ್ಬ ಮನುಷ್ಯ ಸಾಯುತ್ತಿದ್ದ, ಅವನ ಹಿಂದೆಯೇ ನಮ್ಮ ಮನೆ, ಮಕ್ಕಳು, ಅತ್ತೆ ಎಲ್ಲ ಮುಳುಗುತ್ತಿದ್ದೆವು.

"ಗೌಡರೇ, ಕ್ಷಮಿಸಿ" ಎಂದ ಶ್ರೀಧರನ್.

"ನನ್ನ ಹತ್ರ ಬೇಡ. ಏಟು ತಿಂದೋನು ಅಲ್ಲಿ ನಿಂತಿದಾನೆ."

ಶ್ರೀಧರನ್ ಹೋಗಿ ಹಂಡನ ಮೂತಿಗೆ ಉಳಿದ ಬೆಲ್ಲ ಹಿಡಿದ. ಹಂಡ ಮೊದಲು ಕತ್ತು ತಿರುಗಿಸಿದ, ಆಮೇಲೆ ಬೆಲ್ಲದ ಜೊತೆ ಅವನ ಅಂಗೈಯನ್ನೂ ನೆಕ್ಕಿದ. ಎತ್ತಿಗೆ ನಮ್ಮಷ್ಟು ಬಿಗುಮಾನವಿಲ್ಲ.

ಎತ್ತು ಬಿಚ್ಚಿ, ಮೂವರೂ ಸೇರಿ ಗಾಡಿಯನ್ನು ಬಂದ ದಾರಿಯಲ್ಲೇ ಬಯಲಿನ ತುದಿಯ ತನಕ ಹಿಂದಕ್ಕೆ ನೂಕಿದೆವು. ಮೂಟೆಯಲ್ಲಿ ಅರ್ಧ ಉಪ್ಪು ಕರಗಿತ್ತು, ಉಳಿದರ್ಧವನ್ನು ಶ್ರೀಧರನ್ ಕೆಸರಿಗೆ ಇಳಿದು ಎತ್ತಿ ತಂದ. ಆಮೇಲೆ ಜೀಪು ಹತ್ತಿ, ತನಗೆ ಬರುವ ಏಕೈಕ ದಿಕ್ಕಿನಲ್ಲಿ, ಎಮ್ಮೆ ನಡೆದಷ್ಟು ಮೆಲ್ಲಗೆ ನಮ್ಮನ್ನು ದಾಟಿ ಹೋದ.

ಮನೆ ತಲುಪಿದಾಗ ದೀಪ ಹಚ್ಚಿದ್ದರು. ಅತ್ತೆ ಜಗುಲಿಯಲ್ಲೇ ಕೂತಿದ್ದರು. ನಾನು ಏನೂ ಹೇಳಬಾರದು ಅಂದುಕೊಂಡಿದ್ದೆ. ನಮ್ಮವರೇ ಕೋವಿಯನ್ನು ಗೋಡೆಗೆ ತೂಗುಹಾಕಿ ಬಂದು ಅವರೆದುರು ನಿಂತರು.

"ಅಮ್ಮಾ, ಇವತ್ತು ಒಬ್ಬ ಮನುಷ್ಯನ ಮೇಲೆ ಹೊಡೆಯೋಕೆ ಕಾಡತೂಸು ಕೇಳಿದೆ. ಇವಳು ಕೊಡಲಿಲ್ಲ."

ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು.

"ಉಂಡ್ಯಾ?"

"ಉಂಡೆ."

"ಸಾಕು ಬಿಡು" ಎಂದರು. ಒಳಗೆ ಹೋಗುವಾಗ ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟರು. ಆ ಕೈಯ ಭಾರ ಈಗಲೂ ನನ್ನ ನೆತ್ತಿಯ ಮೇಲಿದೆ.

ಆಮೇಲೊಂದು ದಿನ ನಮ್ಮವರನ್ನು ಕೇಳಿದೆ: "ಅವತ್ತು ನಾನು ಅದನ್ನೇ ಕೊಟ್ಟಿದ್ರೆ?"

ಅವರು ಎತ್ತಿನ ಹಗ್ಗ ಹೊಸೆಯುತ್ತಿದ್ದರು. "ಗೊತ್ತಿಲ್ಲ ಚಂದ್ರಮತಿ. ಗೊತ್ತಾಗದ ಹಾಗೆ ಮಾಡಿದೆಯಲ್ಲ, ನಿನಗೆ ಎಷ್ಟು ಕೈ ಮುಗಿದರೂ ಕಡಿಮೆಯೇ" ಎಂದರು.

ಶ್ರೀಧರನ್ ಹಿಂದಕ್ಕೆ ಹೋಗುವುದನ್ನು ಕಲಿತ. ಕಲಿತ ಮೇಲೆ ಅವನನ್ನು ಹಿಡಿಯುವವರಿಲ್ಲ. ದಾರಿಯಲ್ಲಿ ನಮ್ಮ ಗಾಡಿ ಕಂಡರೆ ಸಾಕು, ಎರಡು ಲಾರಿ ಹಿಡಿಯುವಷ್ಟು ಅಗಲವಿದ್ದರೂ ಸರಿಯೇ, ಕತ್ತು ಹೊರಗೆ ಹಾಕಿ, "ಗೌಡರೇ, ಚೇಚೀ, ನೋಡಿ ನೋಡಿ!" ಎಂದು ಕೂಗುತ್ತ ಅಷ್ಟು ದೂರ ಜೀಪನ್ನು ಹಿಂದಕ್ಕೆ ಓಡಿಸುತ್ತಿದ್ದ. ಒಳಗೆ ಕೂತ ಜನ ಅವನನ್ನು ಬಯ್ಯುತ್ತಿದ್ದರು.

ನಮ್ಮವರು ಹಗ್ಗ ಜಗ್ಗಿ ಗಾಡಿ ನಿಲ್ಲಿಸಿ, ತಲೆಯ ವಸ್ತ್ರ ತೆಗೆದು, ಆ ಹಿಂದಕ್ಕೆ ಹೋಗುವ ಜೀಪಿಗೆ ಎರಡೂ ಕೈ ಎತ್ತಿ ಮುಗಿಯುತ್ತಿದ್ದರು. ದಾರಿ ಬಿಟ್ಟದ್ದಕ್ಕೆ ಗೌಡರು ಎಷ್ಟು ಮರ್ಯಾದೆ ಕೊಡುತ್ತಾರೆ ಅಂತ ಶ್ರೀಧರನ್ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಹಾಗಲ್ಲ ಅಂತ ನಾವು ಹೇಳಲು ಹೋಗಲಿಲ್ಲ. ಕಾಡತೂಸಿನ ಚೀಲ ತೊಡೆಯ ಮೇಲಿಟ್ಟುಕೊಂಡು, ಗಾಡಿಯ ಹಿಂದೆ ಕೂತ ನಾನೂ ಕೈ ಮುಗಿಯುತ್ತಿದ್ದೆ. ಅವನು ಬದುಕಿದ್ದಾನಲ್ಲ, ಹಾರ್ನ್ ಒತ್ತುತ್ತಿದ್ದಾನಲ್ಲ.