ಮಾಗ್ದಲೀನಾ ಆರಿಸಿದ ಸಾಫ್ಟ್‌ವೇರ್

ದಾಂಡೇಲಿಯ ತುಳಸಿರಾಮನದು ಸಣ್ಣ ಇನ್ಸುಲೇಷನ್ ಗುತ್ತಿಗೆ. ಕಾರ್ಖಾನೆಗಳ ಬಾಯ್ಲರುಗಳಿಗೆ, ಉಗಿ ಹರಿಯುವ ಕೊಳವೆಗಳಿಗೆ ಗಾಜಿನ ಉಣ್ಣೆ ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ ಶಾಖ ಹೊರಗೆ ಹೋಗದಂತೆ ಮಾಡುವುದು ಅವನ ಆಳುಗಳ ಕೆಲಸ. ಉಣ್ಣೆಯ ಪುಡಿ ಮೈಗೆ ತಾಗಿದರೆ ರಾತ್ರಿಯೆಲ್ಲ ತುರಿಕೆ. ತುಳಸಿರಾಮನೂ ಆ ತುರಿಕೆ ಉಂಡೇ ಮೇಲೆ ಬಂದವನು. ಮಾಗ್ದಲೀನಾಳ ಅಪ್ಪ ಮತ್ತು ಅವನು ಒಂದೇ ಅಟ್ಟಣಿಗೆಯ ಮೇಲೆ ನಿಂತು ಕೊಳವೆ ಸುತ್ತಿದವರು. ಅಪ್ಪ ತೀರಿಕೊಂಡಾಗ, ಆಗಷ್ಟೇ ಪಿಯುಸಿ ಮುಗಿಸಿದ್ದ ಅವಳನ್ನು ತುಳಸಿರಾಮನೇ ಕರೆದು ಆಫೀಸಿನಲ್ಲಿ ಕೂರಿಸಿದ. ಅವಳು ಅವನನ್ನು ಕಾಕಾ ಎನ್ನುತ್ತಿದ್ದಳು.

ಯಾರು ಯಾವ ಕೆಲಸಕ್ಕೆ ಹೋಗಬೇಕೆಂದು ಅವಳು ಕರಿಹಲಗೆಯ ಮೇಲೆ ಬರೆಯುತ್ತಿದ್ದಳು. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಯಾರದೋ ಭುಜ ತಾಗಿ ಹಲಗೆಯ ಅರ್ಧ ಅಳಿಸಿಹೋಯಿತು. ಎರಡೂ ತಂಡಗಳು ಹಳಿಯಾಳದಲ್ಲಿ ಒಂದೇ ಗೇಟಿನ ಮುಂದೆ ಹೋಗಿ ನಿಂತವು. ಇತ್ತ ದಾಂಡೇಲಿಯಲ್ಲಿ ಬಾಯ್ಲರ್ ನಿಲ್ಲಿಸಿಕೊಂಡು ಕಾದ ಕಾರ್ಖಾನೆಯವರ ಬಳಿ ಒಬ್ಬ ಆಳೂ ಇಲ್ಲ. ತುಳಸಿರಾಮ ಬೈಯಲಿಲ್ಲ. "ಕಂಪ್ಯೂಟರ್ ತರೂಣು. ದಿನಾ ಅದರ ಮುಂದ ಕೂಡೋಕಿ ನೀನು. ಯಾವ ಸಾಫ್ಟ್‌ವೇರ್ ಅಂತ ನೀನ ಆರಿಸು," ಎಂದ.

ಅಂಥ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಸಾಫ್ಟ್‌ವೇರ್ ಮಾರಲು ಹುಬ್ಬಳ್ಳಿಯಿಂದ ಬಂದವರು ತೋರಿಸಿದ್ದು ಬಣ್ಣಬಣ್ಣದ್ದು. ಯಾವ ಕೆಲಸ ಎಲ್ಲಿಗೆ ಬಂತೆಂದು ಚೆಂದವಾಗಿ ಕಾಣುತ್ತಿತ್ತು, ಆದರೆ ಅದರಲ್ಲಿ ಆಳುಗಳಿಗೆ ಹೆಸರಿರಲಿಲ್ಲ, ತಲೆಲೆಕ್ಕ ಮಾತ್ರ. ಬೆಳಗಾವಿಯಿಂದ ಬಂದ ರಫೀಕನೆಂಬ ಹುಡುಗನದು ಬೂದು ಬಣ್ಣದ, ನಿಧಾನದ ಸಾಫ್ಟ್‌ವೇರು. ಅದು ಪ್ರತಿಯೊಬ್ಬನ ಹೆಸರು, ಊರು, ಹಿಂದೆ ಎಂದು ದುಡಿದ, ಮುಂದಿನ ಪಾಳಿ ಯಾರದು ಎಲ್ಲವನ್ನೂ ತೋರಿಸುತ್ತಿತ್ತು.

ಅವಳು ಅದನ್ನೇ ಆರಿಸಿದಳು. ದಾಂಡೇಲಿಯಲ್ಲಿ ಕೈಗೆ ಸಿಕ್ಕವರಿಗೆ ಮೇಲಿಂದ ಮೇಲೆ ಕೆಲಸ, ಮುಂಡಗೋಡದ ಕಡೆಯವರಿಗೆ ಬಸ್‌ಸ್ಟ್ಯಾಂಡಿನಲ್ಲಿ ಕಾದು ಖಾಲಿ ಕೈಲಿ ಮರಳುವುದು. ಇದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. ಕಾಕಾನಿಗೆ ಅದನ್ನೇ ಹೇಳಿದಳು. ಅವನು ತಲೆಯಾಡಿಸಿ, "ಹಂಗಾದ್ರ ಊರೂರಿಗೆ ಹೋಗಿ ಹೆಸರು, ಫೋಟೋ ತಗೊಂಡ ಬಾ," ಎಂದ.

ಮುಂಡಗೋಡದ ಹತ್ತಿರದ ಸನವಳ್ಳಿಯಲ್ಲಿ ಲಚ್ಚಪ್ಪ ಸುಲಭಕ್ಕೆ ಒಪ್ಪಲಿಲ್ಲ. ಅಲ್ಲಿನ ಆಳುಗಳಲ್ಲಿ ಹಿರಿಯ ಅವನು. ಅವಳ ಅಪ್ಪನಿಂದ ಕೆಲಸ ಕಲಿತವನು.

"ಹೆಸರು ಕೊಟ್ರ ನಮಗೇನು ಸಿಗ್ತೈತಿ?"

"ಪಾಳಿ ಸಿಗ್ತೈತಿ. ಯಾರೂ ನಿನ್ನ ಹಾರಿಸಿ ಮುಂದ ಹೋಗಾಕ ಬರಂಗಿಲ್ಲ."

"ಇದು ತುಳಸಿರಾಮನ ಮಾತೋ, ನಿನ್ನ ಮಾತೋ?"

"ನನ್ನ ಮಾತು," ಎಂದಳು. ಲಚ್ಚಪ್ಪ ಒಳಗೆ ಹೋಗಿ ಪೆಟ್ಟಿಗೆಯಿಂದ ಫೋಟೋ ತಂದುಕೊಟ್ಟ. ಅವನು ಕೊಟ್ಟಿದ್ದನ್ನು ನೋಡಿ ಓಣಿಯವರೆಲ್ಲ ಕೊಟ್ಟರು.

ಮಳೆಗಾಲವಿಡೀ ಎಲ್ಲ ಸರಿಯಿತ್ತು. ಅವಳು ಚೀಟಿ ಮುದ್ರಿಸಿ ಬಸ್ ಕಂಡಕ್ಟರರ ಕೈಲಿ ಕಳಿಸಿದರೆ ಬರಬೇಕಾದವರೇ ಬರುತ್ತಿದ್ದರು, ಬಂದವರಿಗೆ ಕೆಲಸವಿರುತ್ತಿತ್ತು. ಲಚ್ಚಪ್ಪ ಒಮ್ಮೆ ಅವಳಿಗೆಂದು ಸೌತೆಕಾಯಿ ತಂದುಕೊಟ್ಟು, "ನಿಮ್ಮಪ್ಪ ಇದ್ದಿದ್ರ ಖುಷಿ ಪಡತಿದ್ದ," ಎಂದಿದ್ದ.

ಕಬ್ಬು ಅರೆಯುವ ಹಂಗಾಮ ಹತ್ತಿರ ಬಂತು. ವರ್ಷದಲ್ಲಿ ಹೆಚ್ಚು ಕೆಲಸ ಸಿಗುವುದು ಆಗಲೇ. ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಪಾಳಿಯ ಪಟ್ಟಿ ತೆರೆದರೆ ಲಚ್ಚಪ್ಪನ ಹೆಸರಿಲ್ಲ. ಸನವಳ್ಳಿಯ ಇನ್ನೂ ಹಲವರ ಹೆಸರಿಲ್ಲ. ತಪ್ಪಾಗಿದೆಯೆಂದು ಮತ್ತೆ ಸೇರಿಸಿದಳು, ಕಂಪ್ಯೂಟರ್ ತೆಗೆದುಕೊಳ್ಳಲಿಲ್ಲ. ಬೆಳಗಾವಿಗೆ ಫೋನ್ ಹಚ್ಚಿದಳು.

"ಅದು ತಪ್ಪಲ್ರಿ ಅಕ್ಕಾರ," ಎಂದ ರಫೀಕ. "ವರ್ಷದಾಗ ಭಾಳ ದಿನ ದುಡದಾಂವಗ ಖಾಯಂ ಕೆಲಸ ಕೇಳೂ ಹಕ್ಕು ಬರ್ತೈತಲ್ರಿ. ಅಷ್ಟ ದಿನದ ಹತ್ರ ಬಂದವರ ಹೆಸರು ಪಟ್ಟಿಯಿಂದ ತಾನ ಬಿಟ್ಟಹೋಗ್ತೈತಿ. ನಿಮ್ಮ ಸಾಹೇಬ್ರು ಹಾಕಿಸಿದ ನಿಯಮ."

"ಯಾವಾಗ ಹಾಕಿಸಿದ್ರು?"

"ಮೊದಲಿಂದ ಐತ್ರಿ. ನೀವು ನಮ್ಮದನ್ನ ಆರಿಸಿದ ದಿನ ಸಂಜಿಕ ಅವರು ಫೋನ್ ಮಾಡಿ, ಹಿಂಗ ಮಾಡಾಕ ಬರ್ತೈತೇನು ಅಂತ ಕೇಳಿದ್ರು. ಬರ್ತೈತಿ ಅಂದ ಮ್ಯಾಲೆ ಆರ್ಡರ್ ಕೊಟ್ರು. ನಿಮಗ ಗೊತ್ತೈತಿ ಅಂತ ತಿಳಿದಿದ್ದೆ ನಾನು."

ತುಳಸಿರಾಮ ಅಂಗಳದಲ್ಲಿ ಲಾರಿಯಿಂದ ತಗಡಿನ ಸುರುಳಿ ಇಳಿಸಿಕೊಳ್ಳುತ್ತಿದ್ದ. ಅವಳು ಆ ನಿಯಮದ ಮಾತೆತ್ತಿದಾಗ ಡ್ರೈವರನನ್ನು ಚಹಾಕ್ಕೆ ಕಳಿಸಿದ.

"ಎಲ್ಲಾ ಗುತ್ತಿಗೆದಾರರೂ ಹಿಂಗ ಮಾಡ್ತಾರ," ಎಂದ. "ನಾಳೆ ಇವರೆಲ್ಲಾ ಕೋರ್ಟಿಗೆ ಹೋದ್ರ ಈ ಆಫೀಸ ಉಳಿತೈತೇನು? ನಿನ್ನ ಕುರ್ಚಿ ಉಳಿತೈತೇನು?"

"ಪಾಳಿ ಸರಿ ಆಗಲಿ ಅಂತ ನಾ ಇದನ್ನ ಆರಿಸಿದ್ದು. ನಿಮಗ ಹೇಳಿದ್ದೆ."

"ಪಾಳಿ ಸರಿ ಆತಲ್ಲ."

"ಮತ್ತ ನನ್ನ ಯಾಕ ಊರೂರಿಗೆ ಕಳಿಸಿದ್ರಿ?"

"ನಾ ಹೋಗಿದ್ರ ಅವರು ಹೆಸರು ಕೊಡತಿದ್ದಿಲ್ಲ. ನಿನಗ ಕೊಡ್ತಾರ. ನಿಮ್ಮಪ್ಪನ್ನ ಅಲ್ಲಿ ಎಲ್ಲಾರೂ ಬಲ್ಲರು."

ಅವನು ಅದನ್ನು ಹೊಗಳಿಕೆಯಂತೆ ಹೇಳಿದ. ಅವನ ದನಿಯಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಅಪ್ಪನ ಮಣ್ಣಿಗೆ ಹೆಗಲು ಕೊಟ್ಟವನು ಇವನೇ. ಆ ಅಪ್ಪನ ಹೆಸರನ್ನು ಅವಳ ಕೈಗೆ ಕೊಟ್ಟು ಸನವಳ್ಳಿಯ ಬಾಗಿಲುಗಳನ್ನು ತೆರೆಸಿದವನೂ ಇವನೇ.

ಮರುದಿನ ಅವಳು ಚೀಟಿ ಕಳಿಸಲಿಲ್ಲ. ತಾನೇ ಬಸ್ ಹತ್ತಿ ಮುಂಡಗೋಡದ ಮೂಲಕ ಸನವಳ್ಳಿಗೆ ಹೋದಳು. ಲಚ್ಚಪ್ಪ ಅಂಗಳದಲ್ಲಿ ಗೋವಿನಜೋಳ ಒಣಗಹಾಕುತ್ತಿದ್ದ. ಎಲ್ಲವನ್ನೂ ನಿಂತೇ ಹೇಳಿದಳು. ಅವನು ಜೋಳ ಹರಡುತ್ತಲೇ ಕೇಳಿದ.

"ನಿನಗ ಗೊತ್ತಿರಲಿಲ್ಲ?"

"ಇಲ್ಲ ಲಚ್ಚಪ್ಪಣ್ಣ. ಖರೇನ ಗೊತ್ತಿರಲಿಲ್ಲ."

"ಆರಿಸಿದಾಕಿ ನೀನು. ದಿನಾ ಅದರ ಮುಂದ ಕೂಡೋಕಿ ನೀನು."

"ಕಾರವಾರಕ್ಕ ಹೋಗೂಣು. ಕಾರ್ಮಿಕ ಇಲಾಖೆಯವರ ಮುಂದ ನಾ ಎಲ್ಲಾ ಹೇಳ್ತೇನಿ. ನೀವು ಹೆಸರು ಬರಸ್ರಿ ಸಾಕು."

ಲಚ್ಚಪ್ಪ ಆಗ ತಲೆಯೆತ್ತಿದ. "ಒಮ್ಮೆ ಬರಸಿದ್ದು ಸಾಕಾತು," ಎಂದ. ಸಿಟ್ಟಿನಿಂದಲ್ಲ. ಒಳಗಿನಿಂದ ಅವನ ಹೆಂಡತಿ ಗುರುಬಸವ್ವ ಚಹಾ ತರುವ ಸದ್ದು ಕೇಳಿತು. ಅವನು ಬೇಡವೆಂದು ಕೈಸನ್ನೆ ಮಾಡಿದ್ದನ್ನು ಮಾಗ್ದಲೀನಾ ನೋಡಿದಳು.

ಅವಳು ಕೆಲಸ ಬಿಟ್ಟಳು. ತುಳಸಿರಾಮ ತಡೆಯಲಿಲ್ಲ, ಆ ಕುರ್ಚಿಗೆ ತಂಗಿಯ ಮಗಳು ಮೇಘಾಳನ್ನು ಕೂರಿಸಿದ. ಕಾರವಾರಕ್ಕೆ ಮಾಗ್ದಲೀನಾ ಒಬ್ಬಳೇ ಹೋದಳು. ದುಡಿದವರು ಬಂದು ದೂರು ಕೊಡಬೇಕೆಂದು ಅಲ್ಲಿನ ಗುಮಾಸ್ತ ಸಮಾಧಾನದಿಂದಲೇ ಹೇಳಿ ಕಳಿಸಿದ. ಲಚ್ಚಪ್ಪ ಆ ಹಂಗಾಮದಲ್ಲಿ ಕಬ್ಬು ಕಡಿಯಲು ಹೋದನೆಂದು ಯಾರೋ ಅಂದರು.

ಹಳಿಯಾಳದ ಬಟ್ಟೆ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಡಿಸೆಂಬರಿನ ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೊರಗೆ ತುಳಸಿರಾಮನ ಟೆಂಪೊ ನಿಂತಿತ್ತು. ಜೊಯಿಡಾ ಕಡೆಯ ಹೊಸ ಆಳುಗಳು ಹತ್ತುತ್ತಿದ್ದರು, ತಮ್ಮೊಳಗೆ ಕೊಂಕಣಿಯಲ್ಲಿ ಮಾತಾಡಿಕೊಳ್ಳುತ್ತ. ಅವಳು ಹತ್ತಿರ ಹೋಗಿ, "ಒಂದ ಹಂಗಾಮ ಅಷ್ಟ ಕರೀತಾರ. ಆಮ್ಯಾಲೆ ನಿಮ್ಮ ಹೆಸರು ಪಟ್ಟಿಯಿಂದ ಬಿಟ್ಟಹೋಗ್ತೈತಿ," ಎಂದಳು.

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ನಗುತ್ತ, "ಒಂದ ಹಂಗಾಮ ಆದ್ರೂ ಸಿಕ್ತಲ್ಲ ಅಕ್ಕಾ," ಎಂದು ಹಿಂದಿನವನಿಗೆ ಕೈಕೊಟ್ಟು ಮೇಲೆಳೆದುಕೊಂಡ. ಟೆಂಪೊ ಹೊರಟಿತು. ಮಾಗ್ದಲೀನಾ ಅಂಗಡಿಯ ಬಾಗಿಲು ತೆರೆಯಲು ಹೋದಳು.